ಸಹಾಯ ಬೇಕು: ಅರಿಜೋನಾದ ಚಿನ್ನದ ಗಣಿಯ ಕುರಿತ ಹಾಸ್ಯ ನಾಟಕಕ್ಕೆ

ಎಲ್ಲರಿಗೂ ನಮಸ್ಕಾರ. ತಾವು ಮಾಡದ ಬ್ಯಾಂಕ್ ದರೋಡೆಯ ಆರೋಪ ಹೊತ್ತ ಇಬ್ಬರು ಗೆಳೆಯರು ಅರಿಜೋನಾದ ಸೂಪರ್‌ಸ್ಟಿಷನ್ ಬೆಟ್ಟಗಳಿಗೆ ಓಡಿಹೋಗಿ, ಅಲ್ಲಿ ಅಡಗಿದೆಯೆಂದು ಎಷ್ಟೋ ಜನ ಇಂದಿಗೂ ನಂಬುವ ‘ಲಾಸ್ಟ್ ಡಚ್‌ಮನ್’ ಚಿನ್ನದ ಗಣಿಯನ್ನು ಹುಡುಕುವ ಹಾಸ್ಯ ನಾಟಕವೊಂದನ್ನು ನಮ್ಮ ಹವ್ಯಾಸಿ ತಂಡಕ್ಕಾಗಿ ಬರೆಯುತ್ತಿದ್ದೇನೆ. ಗಣಿಯ ಗುಟ್ಟು ಬಲ್ಲವನೆಂದು ಹೆಸರಾದ ಜೇಕಬ್ ವಾಲ್ಟ್ಸ್ ಡಚ್ಚನಲ್ಲ, ಜರ್ಮನ್ ವಲಸಿಗ. ಆ ಕಾಲದ ಅಮೆರಿಕದಲ್ಲಿ ಜರ್ಮನರನ್ನೂ ‘ಡಚ್’ ಎಂದೇ ಕರೆಯುವ ರೂಢಿಯಿತ್ತು. ಆತ 1891ರಲ್ಲಿ ಫೀನಿಕ್ಸ್‌ನಲ್ಲಿ ತೀರಿಕೊಂಡ ಮರುವರ್ಷ, ಕೊನೆಗಾಲದಲ್ಲಿ ಆತನ ಆರೈಕೆ ಮಾಡಿದ್ದ ಜೂಲಿಯಾ ಥಾಮಸ್ ಬೆಟ್ಟಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. ನನ್ನ ಕಥೆಯೂ ಅದೇ 1892ರಲ್ಲಿ ನಡೆಯುತ್ತದೆ.

ನನಗೆ ಮುಖ್ಯವಾಗಿ ಬೇಕಾಗಿರುವುದು ಭಾಷೆಯ ನೆರವು. ‘ಶೆರಿಫ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆದರೆ ಆರೋಪಿಗಳನ್ನು ಬೆನ್ನಟ್ಟಲು ಆತ ಊರವರನ್ನೇ ಸೇರಿಸಿ ಕಟ್ಟುವ ‘ಪಾಸಿ’ ಎಂಬ ಪಡೆಗೆ, ರಂಗದ ಮೇಲೆ ಕೇಳಿದೊಡನೆ ಅರ್ಥವಾಗುವ ಕನ್ನಡ ಪದ ಯಾವುದು? ‘ದಂಡು’ ಎಂದರೆ ಸೈನ್ಯವೆನಿಸುತ್ತದೆ, ‘ಗುಂಪು’ ಎಂದರೆ ಕಾನೂನಿನ ಬಲ ಕಾಣುವುದಿಲ್ಲ. ಗೆಳೆಯರ ಭಯ ಪ್ರೇಕ್ಷಕರಿಗೆ ನಿಜವೆನಿಸಿದರೆ ಮಾತ್ರ ಅವರ ಪೇಚಾಟ ನಗು ತರಿಸೀತು ಎಂಬುದು ನನ್ನ ನಂಬಿಕೆ. ಆದ್ದರಿಂದ ಈ ಪದ ನನಗೆ ಬಹಳ ಮುಖ್ಯ. ಫೀನಿಕ್ಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಆ ಬೆಟ್ಟಗಳ ವೀವರ್ಸ್ ನೀಡಲ್ ಶಿಖರದ ಹಾದಿಯಲ್ಲಿ ನಡೆದಿದ್ದರೆ, ಬೇಸಿಗೆಯಲ್ಲಿ ಅಲ್ಲಿ ನೀರು, ನೆರಳು ಎಲ್ಲೆಲ್ಲಿ ಸಿಗುತ್ತವೆ ಎಂಬುದನ್ನು ದಯವಿಟ್ಟು ತಿಳಿಸಿ.