ವಿಶ್ವಾಸದ ಪುಸ್ತಕದಲ್ಲಿ ತಪ್ಪು ಹುಡುಕಬಾರದೇ?

ಕಳೆದ ಸಂಚಿಕೆಯ ಸಮಸ್ಯೆ: ಓದಿದ ಪುಸ್ತಕಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಹಳೇ ಅಭ್ಯಾಸ. ಜಾಸ್ತಿ ಓದೋದು ಕ್ರೈಸ್ತ ಕಾದಂಬರಿ, ಕ್ಲಾಸಿಕ್, ಆತ್ಮಕಥೆ. ನಮ್ಮ ಸಭೆಯ ಓದುಕೂಟದಲ್ಲಿ ಒಂದು ಕಾದಂಬರಿಯ ಕೊನೆ ತೀರಾ ಸಲೀಸಾಯಿತು ಎಂದೆ. ‘ವಿಶ್ವಾಸ ಬೆಳೆಸುವ ಪುಸ್ತಕದಲ್ಲಿ ತಪ್ಪು ಹುಡುಕಬಾರದು’ ಎಂದು ಹಿರಿಯರೊಬ್ಬರು ನೊಂದುಕೊಂಡರು. ಅವತ್ತಿನಿಂದ ಪೆನ್ನು ಹಿಡಿಯಲು ಮನಸ್ಸೇ ಬರುತ್ತಿಲ್ಲ. ನಾನು ಮಾಡಿದ್ದು ತಪ್ಪೇ?

ಓದುಗರು ಬರೆಯುತ್ತಾರೆ:

ದಯವಿಟ್ಟು ಬರೆಯೋದು ನಿಲ್ಲಿಸಬೇಡಿ. ನಮ್ಮ ಅಮ್ಮ ಕಾಯಿಲೆ ಬಿದ್ದಾಗ ಯಾರೋ ಒಂದು ಕಾದಂಬರಿ ತಂದುಕೊಟ್ಟಿದ್ದರು. ಕೊನೇ ಅಧ್ಯಾಯದಲ್ಲಿ ಪ್ರಾರ್ಥನೆ ಮಾಡುತ್ತಿದ್ದಂತೆ ರೋಗಿ ಎದ್ದು ಕೂರುತ್ತಾಳೆ. ಅಮ್ಮ ಪೂರ್ತಿ ಓದಿ, ಪಕ್ಕಕ್ಕಿಟ್ಟು, ‘ಇದರಲ್ಲಿ ಯಾರಿಗೂ ರಾತ್ರಿ ನಿದ್ದೆ ಕೆಡೋದೇ ಇಲ್ಲ ಅಲ್ವಾ’ ಅಂದರು. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ಮಾಡುತ್ತಿದ್ದ ಹೆಂಗಸು ಅವರು.

ಆಮೇಲೆ ಅವರು ಕೇಳಿ ತರಿಸಿಕೊಂಡದ್ದು ಕೊರಿ ಟೆನ್ ಬೂಮ್ ಅವರ ಆತ್ಮಕಥೆ ‘ದಿ ಹೈಡಿಂಗ್ ಪ್ಲೇಸ್’. ಅವರದು ಹಾಲೆಂಡಿನ ಹಾರ್ಲೆಮ್ ಊರಿನ ಗಡಿಯಾರ ರಿಪೇರಿಯವರ ಮನೆ. ಯಹೂದಿಗಳನ್ನು ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ಮನೆಯವರೆಲ್ಲ ನಾಜಿಗಳ ಕೈಗೆ ಸಿಕ್ಕಿಬಿದ್ದರು. ರಾವೆನ್ಸ್‌ಬ್ರೂಕ್ ಎಂಬ ನಾಜಿ ಸೆರೆ ಕ್ಯಾಂಪಿನ ಬ್ಯಾರಕ್ಕಿನಲ್ಲಿ ಮೈತುಂಬ ಚಿಗಟ. ಚಿಗಟಕ್ಕೂ ದೇವರಿಗೆ ವಂದನೆ ಹೇಳೋಣ ಅನ್ನುತ್ತಾಳೆ ಅಕ್ಕ ಬೆಟ್ಸಿ. ಈ ಸಲ ಅಕ್ಕನದೇ ತಪ್ಪು ಅಂತ ಕೊರಿಗೆ ಅನಿಸುತ್ತದೆ, ಅದನ್ನು ಹಾಗೆಯೇ ಬರೆದಿದ್ದಾರೆ. ಕಾವಲಿನವರು ಒಳಗೆ ಕಾಲಿಡದೇ ಇದ್ದದ್ದು ಆ ಚಿಗಟಗಳಿಗೆ ಹೆದರಿ, ಬೈಬಲ್ ಓದಲು ಆಗುತ್ತಿದ್ದದ್ದೂ ಅದರಿಂದಲೇ ಅಂತ ತಿಳಿಯೋದು ಆಮೇಲೆ. ಆ ಡಿಸೆಂಬರಿನಲ್ಲೇ ಬೆಟ್ಸಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಆ ಕ್ಯಾಂಪಿನ ಕಾವಲುಗಾರನೊಬ್ಬ ಎದುರು ಬಂದು ಕೈ ಚಾಚಿದಾಗ ಕೊರಿಗೆ ಕೈ ಎತ್ತಲು ಆಗುವುದಿಲ್ಲ. ಅದನ್ನೂ ಮುಚ್ಚಿಟ್ಟಿಲ್ಲ. ಹಾಗಾಗಿಯೇ ಅಮ್ಮ ಆ ಪುಸ್ತಕವನ್ನು ನಂಬಿದರು. ಚಿಗಟದ ಪುಟದ ಮೂಲೆಯನ್ನು ಅವರು ಮಡಚಿದ್ದು ಈಗಲೂ ಹಾಗೇ ಇದೆ.

‘ಸಲೀಸಾಯಿತು’ ಅಂದ ನಿಮ್ಮ ಮಾತು ಕಾಯಿಲೆ ಮಲಗಿದ ಯಾರಿಗೋ ಬೇಕಾಗಿರುತ್ತದೆ.
– ಓದುಗರೊಬ್ಬರು, ಮಂಗಳೂರು

ಆ ಹಿರಿಯರ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಅವರ ಯಾವುದೋ ಕಷ್ಟದ ದಿನಗಳಲ್ಲಿ ಅದೇ ಕಾದಂಬರಿ ಕೈ ಹಿಡಿದಿರಬಹುದು. ಅಭಿಪ್ರಾಯ ಬದಲಿಸಬೇಡಿ. ಆದರೆ ಮುಂದಿನ ಸಲ ಮೊದಲು ಅವರಿಗೆ ಇಷ್ಟವಾದ ಪುಟ ಯಾವುದು ಅಂತ ಕೇಳಿ, ಆಮೇಲೆ ನಿಮ್ಮದನ್ನು ಹೇಳಿ.

ನನ್ನ ಅನುಭವ ಜಾನ್ ಬನ್ಯನ್ ಪುಸ್ತಕದ್ದು. ಅನುಮತಿ ಇಲ್ಲದೆ ಬೋಧನೆ ಮಾಡಿದ್ದಕ್ಕೆ ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನಲ್ಲಿ ಹನ್ನೆರಡು ವರ್ಷ ಜೈಲಿನಲ್ಲಿದ್ದ ಮನುಷ್ಯ. 1678ರಲ್ಲಿ ಬಂದ ಅವರ ಕಥೆ 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೂ ಬಂತು. ಸಂಶಯದ ಕೋಟೆಯಲ್ಲಿ ಸೆರೆಬಿದ್ದ ಯಾತ್ರಿಕನಿಗೆ, ಬೀಗದಕೈ ಇಷ್ಟು ದಿನವೂ ತನ್ನ ಎದೆಯ ಹತ್ತಿರವೇ ಇತ್ತು ಅಂತ ಥಟ್ಟನೆ ಹೊಳೆಯುತ್ತದಲ್ಲ, ಆ ಜಾಗ ಓದಿ ಎಷ್ಟೋ ಸಲ ಕಣ್ಣು ಒದ್ದೆಯಾಗಿದೆ. ಆದರೆ ಶುರುವಿನಲ್ಲೇ ಅವನು ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಅದು ನನಗೆ ಒಂದು ದಿನವೂ ಸರಿಬಂದಿಲ್ಲ, ಹಾಗಂತ ಕೂಟದಲ್ಲಿ ಹೇಳಿದ್ದೇನೆ. ಬನ್ಯನ್ ಅವರೇ 1684ರಲ್ಲಿ ಎರಡನೇ ಭಾಗ ಬರೆದರು. ಅದರಲ್ಲಿ ದಾರಿ ಹಿಡಿಯೋದು ಅವೇ ಹೆಂಡತಿ ಮಕ್ಕಳು. ಆ ಭಾಗವನ್ನು ಹುಡುಕಿ ಓದುವಂತೆ ಮಾಡಿದ್ದು ನನ್ನ ಆ ಅಸಮಾಧಾನವೇ.
– ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಅವರ ತಂದೆ ನಮ್ಮ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಬಂದು ಗಂಗಾಮೂಲದ ಕಾಡು ಸೇರಿದವರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಸುಮ್ನೆ ತಲೆಯಾಡಿಸಲಿಲ್ಲ. ಒಪ್ಪಿಗೆಯಾಗದ್ದನ್ನು ಅಲ್ಲಿನ ಸಿಸ್ಟರ್‌ಗಳಿಗೆ ಪತ್ರ ಬರೆದು ಕೇಳಿದರು. ತನಗೆ ಮೊದಲು ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ತಮ್ಮ ವಿಶ್ವಾಸದ ಕಥೆ ಹೇಳುವ ಸಾಕ್ಷಿಯಲ್ಲಿ ಎಷ್ಟು ನೇರವಾಗಿ ಬರೆದಿದ್ದಾರೆ ನೋಡಿ. ಇಷ್ಟು ಹತ್ತಿರದಲ್ಲಿದ್ದೂ ನಾನು ಅದನ್ನು ಓದಿದ್ದು ಐವತ್ತು ದಾಟಿದ ಮೇಲೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅವರ ಬಗ್ಗೆ ಪುಟ ಇದೆಯೇ? ಇಲ್ಲದಿದ್ದರೆ ಮುಂದಿನದು ಅದೇ ಆಗಲಿ. ಬರೆದ ಮೇಲೆ ಇಲ್ಲಿಗೇ ಕಳಿಸಿ, ನಾನು ಕಾಯುತ್ತಿರುತ್ತೇನೆ.
– ಗೃಹಿಣಿ, ಕಾರ್ಕಳ