ಶೀರ್ಷಿಕೆಗೆ ದಪ್ಪ ಸೆರಿಫ್ ಫಾಂಟ್: ಬಳಸಿದವರ ಅನುಭವ ತಿಳಿಸಿ

ಪ್ರಶ್ನೆ: ಇಂಗ್ಲಿಷ್ ಕಥಾಸಂಕಲನವೊಂದರ ಮುಖಪುಟಕ್ಕೂ ಅದರ ಜಾಲತಾಣಕ್ಕೂ ಒಂದೇ ದಪ್ಪ ಸೆರಿಫ್ (ಅಕ್ಷರದ ತುದಿಗಳಲ್ಲಿ ಚಿಕ್ಕ ಅಡ್ಡಗೆರೆಯಿರುವ) ಫಾಂಟ್ ಬೇಕಾಗಿದೆ. ಏಬ್ರಿಲ್ ಫ್ಯಾಟ್‌ಫೇಸ್, ಕೂಪರ್ ಬ್ಲ್ಯಾಕ್ ಎರಡರಲ್ಲಿ ಯಾವುದು ಒಳ್ಳೆಯದು?

ಪುಟವಿನ್ಯಾಸಕಿ: ನಾನು ಏಬ್ರಿಲ್ ಆರಿಸಿದ್ದೆ, ಇಂದಿಗೂ ಅದನ್ನೇ ಆರಿಸುತ್ತೇನೆ. ದಪ್ಪ ಕಂಬಗಳ ಪಕ್ಕದಲ್ಲೇ ಕೂದಲೆಳೆಯಂಥ ಗೆರೆಗಳು ನಿಲ್ಲುವ ಆ ಬಿಗುವು ಬೇರೆ ಫಾಂಟಿನಲ್ಲಿ ನನಗೆ ಸಿಕ್ಕಿಲ್ಲ. ಆದರೆ ನಾಲ್ಕು ಬಣ್ಣ ಬೆರೆತ ಕಡುನೀಲಿಯ ಮೇಲೆ ಲೇಖಕರ ಹೆಸರನ್ನು ಅದರಲ್ಲೇ ಸಣ್ಣದಾಗಿ, ಶಾಯಿ ಹಾಕದೆ ಕಾಗದದ ಬಿಳಿಯಾಗಿಯೇ ಬಿಟ್ಟಾಗ, ಶಾಯಿ ಹರಡಿ ತೆಳುಗೆರೆಗಳೆಲ್ಲ ಮುಚ್ಚಿಹೋದವು. ಸಣ್ಣ 'ಎಮ್' ಅಕ್ಷರ ಮೂರು ಬಿಡಿ ಕಂಬಗಳಾಗಿ ಉಳಿಯಿತು. ಮುದ್ರಣಾಲಯದವರು ತಪ್ಪು ನನ್ನ ಫೈಲಿನದೆಂದು ಹೇಳಿ ಕೈತೊಳೆದುಕೊಂಡರು. ಮುಖಪುಟವನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು; ಹೊಸ ಅಚ್ಚಿನ ಪ್ಲೇಟು, ಕಾಗದ, ಲ್ಯಾಮಿನೇಶನ್, ಕಟ್ಟಿದ ಪ್ರತಿಗಳಿಂದ ಹಳೆಯ ಹೊದಿಕೆ ಕಿತ್ತ ಕೂಲಿ, ಎಲ್ಲವೂ ನನ್ನ ತಲೆಗೇ ಬಂದವು.

ಹಳೆಯ ಮುದ್ರಕ: ಮೇಡಂ, ನಾಲ್ಕು ಬಣ್ಣಗಳಲ್ಲಿ ಒಂದು ತುಸು ಸರಿದರೂ ಅಂಥ ಗೆರೆ ಉಳಿಯುವುದಿಲ್ಲವೆಂದು ಯಂತ್ರದ ಮುಂದೆ ನಿಂತವರಿಗೆಲ್ಲ ಗೊತ್ತು. ಕೂಪರ್ ಬ್ಲ್ಯಾಕಿನಲ್ಲಿ ಈ ಗೋಳಿಲ್ಲ. ಆಸ್ವಾಲ್ಡ್ ಕೂಪರ್ ರೂಪಿಸಿ, 1922ರಲ್ಲಿ ಶಿಕಾಗೋದ ಬಾರ್ನ್‌ಹಾರ್ಟ್ ಬ್ರದರ್ಸ್ ಆಂಡ್ ಸ್ಪಿಂಡ್ಲರ್ ಅಚ್ಚುಮೊಳೆ ಕಾರ್ಖಾನೆ ಹೊರತಂದ ಆ ಅಕ್ಷರಗಳ ಅಂಚುಗಳೇ ದುಂಡಗಿರುವುದರಿಂದ, ಶಾಯಿ ಸ್ವಲ್ಪ ಹರಡಿದರೂ ರೂಪ ಕೆಡುವುದಿಲ್ಲ. ತೀರ ಸಣ್ಣದಾಗಿಸಿದರೆ 'ಇ' (e), 'ಎ' (a) ಅಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚುತ್ತದೆ, ಅಷ್ಟೆ.

ಪುಟವಿನ್ಯಾಸಕಿ: ಅದನ್ನು ಹಾಕಿದರೆ ಯಾವ ಪುಸ್ತಕವೂ 1970ರ ದಶಕದ ಜಾಹೀರಾತಿನಂತೆ ಕಾಣುತ್ತದೆ. ಗಂಭೀರ ಕಥೆಗಳಿಗೆ ಆ ಉಬ್ಬಿದ ಅಕ್ಷರಗಳು ಹೊಂದುವುದಿಲ್ಲ.

ಜಾಲಕರ್ಮಿ: ನೀವಿಬ್ಬರೂ ಲೈಸೆನ್ಸಿನ ಮಾತೇ ಎತ್ತಿಲ್ಲ. ನಾನು ಒಂದು ದಪ್ಪ ಸೆರಿಫನ್ನು ಹಣ ಕೊಟ್ಟು ಕೊಂಡಿದ್ದೆ. ಅದು ಗಣಕದಲ್ಲಿ ಬಳಸಲು ಮಾತ್ರ ಅನುಮತಿಯಂತೆ; ಜಾಲತಾಣಕ್ಕೆ ಪುಟವೀಕ್ಷಣೆಯ ಲೆಕ್ಕದಲ್ಲಿ ಬೇರೆ ಶುಲ್ಕ, ಆ್ಯಪಿಗೆ ಮತ್ತೊಂದು. ಓದುಗರು ಹೆಚ್ಚಿದಂತೆಲ್ಲ ಮೇಲಿನ ಹಂತದ ಶುಲ್ಕ ಕಟ್ಟಬೇಕಾಯಿತು. ಕೊನೆಗೆ ಕ್ಲಾಸ್ ಎಗರ್ಸ್ ಸೋರೆನ್ಸನ್ ರೂಪಿಸಿದ ಪ್ಲೇಫೇರ್ ಡಿಸ್‌ಪ್ಲೇಯ 'ಬ್ಲ್ಯಾಕ್' ತೂಕಕ್ಕೆ, ಅಂದರೆ ಅದರ ಅತಿ ದಪ್ಪ ರೂಪಕ್ಕೆ, ಬದಲಾಯಿಸಿದೆ. ಅದು ಮುಕ್ತ ಲೈಸೆನ್ಸಿನದು, ನಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು.

ಪುಟವಿನ್ಯಾಸಕಿ: ಏಬ್ರಿಲ್ ಫ್ಯಾಟ್‌ಫೇಸ್ ಕೂಡ ಮುಕ್ತ ಲೈಸೆನ್ಸಿನದೇ. ಇಟಲಿಯ ಹಳೆಯ ಅಕ್ಷರಶಿಲ್ಪಿ ಬೊಡೊನಿಯ ಪರಂಪರೆಯೇ ಈಗ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿರುವಾಗ ಹಣದ ಪ್ರಶ್ನೆ ಏಕೆ?

ಹಳೆಯ ಮುದ್ರಕ: ಬೊಡೊನಿ ಪಾರ್ಮಾದಲ್ಲಿ ಗ್ರಂಥಗಳಿಗಾಗಿ ಕೊರೆದ ಅಕ್ಷರಗಳೇ ಬೇರೆ. ಈ ಫ್ಯಾಟ್‌ಫೇಸ್ ವರ್ಗ 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಪತ್ರಗಳಿಗಾಗಿ ಹುಟ್ಟಿದ್ದು. ದೂರದಿಂದ ಕಾಣಲೆಂದು ಮಾಡಿದ್ದನ್ನು ಸಣ್ಣ ಹೆಸರಿಗೆ ಬಳಸಿ, ಮುದ್ರಣಾಲಯವನ್ನು ದೂರುವುದು ನ್ಯಾಯವಲ್ಲ.

ಪುಟವಿನ್ಯಾಸಕಿ: ನ್ಯಾಯದ ಮಾತಾಡುವವರು ಇದನ್ನೂ ಹೇಳಿ: ಕರಡಚ್ಚಿನಲ್ಲೇ ಆ 'ಎಮ್' ಒಡೆದಿದ್ದರೆ, ಅದನ್ನು ನನಗೆ ತೋರಿಸದೆ ಯಂತ್ರ ಓಡಿಸಿದ್ದು ಯಾರ ತಪ್ಪು?