ಏಳನೇ ಸೆಮ್ ಎಕ್ಸ್‌ಚೇಂಜ್: ಮ್ಯೂನಿಕ್, ಡ್ರೆಸ್ಡನ್, ಗೋಥೆನ್‌ಬರ್ಗ್ - ಮೊದಲ ಆಯ್ಕೆ ಯಾವುದಿರಲಿ?

ಮೆಕ್_ಬೆಂಗಳೂರು
ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಏಳನೇ ಸೆಮ್ ವಿದೇಶದಲ್ಲಿ ಓದುವ ಎಕ್ಸ್‌ಚೇಂಜ್ ಪಟ್ಟಿಯಲ್ಲಿ ಜರ್ಮನಿಯ ಮ್ಯೂನಿಕ್, ಡ್ರೆಸ್ಡನ್‌ನ ತಾಂತ್ರಿಕ ವಿ.ವಿ.ಗಳು ಮತ್ತು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಚಾಲ್ಮರ್ಸ್ ತಾಂತ್ರಿಕ ವಿ.ವಿ. ಇವೆ. ಟ್ಯೂಷನ್ ಫೀ ಇಲ್ಲೇ ಕಟ್ಟಿದರೆ ಸಾಕು, ಉಳಿದ ಖರ್ಚು ಮನೆಯವರದ್ದು. ಜರ್ಮನ್ ಬರುವುದಿಲ್ಲ. ಎಂಟನೇ ಸೆಮ್ ಜನವರಿ ಕೊನೆಗೆ ಶುರು, ಪ್ರಾಜೆಕ್ಟ್ ಇರುವುದೂ ಅದರಲ್ಲೇ. ಆದ್ಯತೆಯ ಕ್ರಮ ಹೇಗಿರಲಿ?

ತುಂಗಾತೀರ
ಊರು ಆಮೇಲೆ, ಮೊದಲು ಕ್ಯಾಲೆಂಡರ್ ನೋಡಿ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್‌ನ ಪಾಠ ಶುರುವಾಗುವುದೇ ಅಕ್ಟೋಬರ್ ಮಧ್ಯಕ್ಕೆ. ಫೆಬ್ರವರಿಯವರೆಗೂ ಕ್ಲಾಸ್, ಅದಾದ ಮೇಲೆ ಪರೀಕ್ಷೆ. ಅಷ್ಟರಲ್ಲಿ ಇಲ್ಲಿ ನಿಮ್ಮ ಪ್ರಾಜೆಕ್ಟ್ ತಂಡ ಕೆಲಸ ಶುರು ಮಾಡಿರುತ್ತದೆ. ಚಾಲ್ಮರ್ಸ್‌ನಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಿಗೆ ಶುರುವಾಗಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಸೆಮಿಸ್ಟರನ್ನು ಎರಡು ಭಾಗ ಮಾಡಿ, ಒಂದೊಂದರಲ್ಲಿ 7.5 ಕ್ರೆಡಿಟ್‌ನ ಎರಡೆರಡು ವಿಷಯ ಓದಿಸುತ್ತಾರೆ. ಅಕ್ಟೋಬರ್ ಕೊನೆಗೇ ಅರ್ಧ ಪರೀಕ್ಷೆ ಮುಗಿದಿರುತ್ತದೆ.

ಭಾಷೆಯ ಲೆಕ್ಕದಲ್ಲೂ ಅದೇ ಮೇಲು. ಮೂರೂ ಕಡೆ ಮೆಕ್ಯಾನಿಕಲ್‌ನ ಬ್ಯಾಚುಲರ್ ಪಾಠ ಬಹುಪಾಲು ಆಯಾ ದೇಶದ ಭಾಷೆಯಲ್ಲೇ. ಚಾಲ್ಮರ್ಸ್‌ನ ಮಾಸ್ಟರ್ಸ್ ವಿಷಯಗಳು ಇಂಗ್ಲಿಷ್‌ನಲ್ಲಿವೆ, ನಾಲ್ಕನೇ ವರ್ಷದವರು ಅವನ್ನು ಕೇಳಬಹುದು. ನನ್ನ ಕ್ರಮ: ಚಾಲ್ಮರ್ಸ್, ಡ್ರೆಸ್ಡನ್, ಮ್ಯೂನಿಕ್.

ಕ್ರೆಡಿಟ್_ಲೆಕ್ಕ
ಕ್ರಮ ಸರಿ. ಆದರೆ ಒಂದು ಸೆಮ್ ಹಾಳಾಗುವುದು ಹೆಚ್ಚಾಗಿ ಕ್ರೆಡಿಟ್ ವರ್ಗಾವಣೆಯಲ್ಲಿ. ಅಲ್ಲಿ ಪೂರ್ತಿ ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ). ಇಲ್ಲಿ ಸುಮಾರು 20 ಕ್ರೆಡಿಟ್. ಹೋಗುವ ಮೊದಲೇ ವಿಷಯದ ಹೆಸರು, ಕೋಡ್, ಕ್ರೆಡಿಟ್, ಅದಕ್ಕೆ ಸಮನಾದ ಇಲ್ಲಿನ ವಿಷಯ, ಇಷ್ಟನ್ನೂ ಬರೆದು ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಸಹಿ ಹಾಕಿಸಿ. ಬಾಯಿಮಾತು ನಂಬಬೇಡಿ, ನೀವು ವಾಪಸ್ ಬರುವಷ್ಟರಲ್ಲಿ ಎಚ್‌ಒಡಿಯೇ ಬದಲಾಗಿರಬಹುದು. ಟೈಮ್‌ಟೇಬಲ್‌ನಲ್ಲಿ ಎರಡು ವಿಷಯ ಒಂದೇ ಹೊತ್ತಿಗೆ ಬೀಳುವುದು ಮಾಮೂಲು, ಹಾಗಾಗಿ ಎರಡು ಬದಲಿ ವಿಷಯಗಳಿಗೂ ಒಪ್ಪಿಗೆ ಪಡೆದಿರಿ.

ಅಂಕ ಪರಿವರ್ತನೆಯ ಸೂತ್ರವನ್ನೂ ಅದೇ ಹಾಳೆಯಲ್ಲಿ ಬರೆಸಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 5.0 ಫೇಲ್. ಚಾಲ್ಮರ್ಸ್‌ನಲ್ಲಿ 5 ಅತ್ಯುತ್ತಮ, 3 ಪಾಸ್. ಪರೀಕ್ಷಾ ವಿಭಾಗದವರು ತಲೆಕೆಳಗಾಗಿ ಓದಿದರೆ ಸಿಜಿಪಿಎ ಬೀಳುತ್ತದೆ.

ಬಾಡಿಗೆ_ನೋಡಿ
ದುಡ್ಡಿನ ಮಾತು. ಮ್ಯೂನಿಕ್ ಜರ್ಮನಿಯಲ್ಲೇ ದುಬಾರಿ ಬಾಡಿಗೆಯ ಊರು. ಡ್ರೆಸ್ಡನ್‌ನ ವಿದ್ಯಾರ್ಥಿ ಹಾಸ್ಟೆಲ್ ಎಷ್ಟೋ ಅಗ್ಗ. 2024ರ ಸೆಪ್ಟೆಂಬರ್‌ನಿಂದ ಜರ್ಮನ್ ವಿದ್ಯಾರ್ಥಿ ವೀಸಾಗೆ ತೋರಿಸಬೇಕಾದ ಹಣ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಅದು ಕನಿಷ್ಠ ಮಾತ್ರ, ಮ್ಯೂನಿಕ್‌ನಲ್ಲಿ ಅಷ್ಟರಲ್ಲಿ ತೂಗಿಸುವುದು ಕಷ್ಟ. ಗೋಥೆನ್‌ಬರ್ಗ್ ಕೂಡ ಅಗ್ಗವಲ್ಲ, ರೂಮಿಗೂ ಪರದಾಟವಿದೆ. ಸೀಟು ಖಚಿತವಾದ ದಿನವೇ ವಸತಿಗೆ ಅರ್ಜಿ ಹಾಕಿ. ರೂಮು ನೋಡದೆ, ಒಪ್ಪಂದ ಕೈಗೆ ಬಾರದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ.

ಜರ್ಮನಿಯೇ ಸಿಕ್ಕಿತು ಅಂತಿಟ್ಟುಕೊಳ್ಳಿ: ಕ್ಲಾಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ, ಸೆಮಿಸ್ಟರ್ ನಡುವೆ ಬೇರೆಯಾಗಿ ನೋಂದಾಯಿಸಬೇಕು. ಆ ಗಡುವು ತಪ್ಪಿದರೆ ಸಾಮಾನ್ಯವಾಗಿ ಪರೀಕ್ಷೆಗೆ ಕೂರಿಸುವುದಿಲ್ಲ.

ಮೆಕ್_ಬೆಂಗಳೂರು
ಎಲ್ಲರಿಗೂ ಧನ್ಯವಾದ. ಚಾಲ್ಮರ್ಸ್ ಮೊದಲು ಹಾಕುತ್ತೇನೆ. ನಾಳೆ ಆರು ವಿಷಯಗಳ ಸಿಲಬಸ್ ಪ್ರಿಂಟ್ ತೆಗೆದುಕೊಂಡು ಎಚ್‌ಒಡಿ ಹತ್ತಿರ ಹೋಗುವೆ.